ಬೀನ್ಸ್ ಬೀಜ ನೆನೆಸಬೇಡಿ

ಕೇಳುಗರಿಗೆ ನಮಸ್ಕಾರ. ಚಿತ್ತೆ ಮಳೆ ಹಿಂದೆ ಸರಿಯುತ್ತಿದ್ದಂತೆ ಶಿರಸಿ, ಸಿದ್ದಾಪುರದ ಹಿತ್ತಿಲುಗಳಲ್ಲಿ ಬೀನ್ಸ್ ಬಿತ್ತುವ ಗಡಿಬಿಡಿ ಶುರುವಾಗುತ್ತದೆ. ಎಲ್ಲರಿಗಿಂತ ಮೊದಲು ಕಾಯಿ ಕೊಯ್ಯುವ ಆಸೆ ತಪ್ಪಲ್ಲ. ಆದರೆ ಒಂದು ಮಾತು ಕೇಳಿ: ಬೀನ್ಸ್ ಬೀಜಕ್ಕೆ ಹೆಚ್ಚು ನೀರು ಆಗದು. ನೆನೆಸಬೇಡಿ, ಕೆಸರಿನಲ್ಲಿ ಊರಬೇಡಿ.

ನಮ್ಮ ಪಕ್ಕದ ಮನೆಯ ಅತ್ತಿಗೆ ಹಾಗಲ, ಸೌತೆ ಬೆಳೆಸುವುದರಲ್ಲಿ ಪಳಗಿದ ಕೈ. ಕಳೆದ ವರ್ಷ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅರ್ಕಾ ಕೋಮಲ್ ತಂದು, ಹೆಸರುಕಾಳಿನ ಹಾಗೆ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಜಿಟಿಜಿಟಿ ಮಳೆಯಲ್ಲೇ ಊರಿದರು. ವಾರ ಕಳೆದು ಮೇಲೆ ನಾಲ್ಕು ದಿನವಾದರೂ ಮೊಳಕೆ ಇಲ್ಲ. ಅಂಗಡಿಯವನು ಹಳೆಯ ಬೀಜ ಕೊಟ್ಟನೆಂದು ಅತ್ತಿಗೆ ಕೆಂಡವಾದರು. ನಾನು ಮಡಿ ಕೆದಕಿ ನೋಡಿದೆ. ಸಿಪ್ಪೆ ಕಳಚಿ, ಬೇಳೆ ಹೋಳಾಗಿ, ಮುಟ್ಟಿದರೆ ಲೋಳೆ. ಮೂಗಿಗೆ ಹಿಡಿದರೆ ಕೊಳೆತ ವಾಸನೆ. ಒಣಬೀಜ ಗಬಗಬನೆ ನೀರು ಹೀರಿದರೆ ಒಳಗಿನ ಬೇಳೆ ಬಿರುಕು ಬಿಡುತ್ತದೆ, ಅಲ್ಲಿಂದ ಕೊಳೆರೋಗ ಹೊಗುತ್ತದೆ. ಅತ್ತಿಗೆ ಒಪ್ಪಲಿಲ್ಲ. ಪೊಟ್ಟಣದಲ್ಲಿ ಉಳಿದಿದ್ದ ಬೀಜವನ್ನು ನೆನೆಸದೆ, ಜಗಲಿಯ ಒಡಕು ಬಕೆಟ್ಟಿನ ಆರಿದ ಮಣ್ಣಿನಲ್ಲಿ ಹಾಕಿಸಿದೆ. ವಾರ ಕಳೆಯುವಷ್ಟರಲ್ಲಿ ಮೊಳಕೆಗಳು ಬೇಳೆ ಹೊತ್ತುಕೊಂಡೇ ಎದ್ದವು. ಅತ್ತಿಗೆ ಅಂಗಡಿಯವನನ್ನು ಬೈಯುವುದು ಬಿಟ್ಟರು. ಈಗ ಮಳೆಯನ್ನು ಬೈಯುತ್ತಾರೆ.

ನೆಲ ಆರಿದೆಯೇ ಎಂದು ನನಗೆ ಫೋನ್ ಮಾಡಿ ಕೇಳುವವರಿದ್ದಾರೆ. ಹಿಡಿ ಮಣ್ಣು ಹಿಚುಕಿ, ಬೆರಳಿನಿಂದ ಒತ್ತಿ ನೋಡಿ. ಪುಡಿಯಾದರೆ ಬಿತ್ತಿ, ಉಂಡೆಯಾಗಿಯೇ ಉಳಿದರೆ ಸುಮ್ಮನಿರಿ. ಕಾಯುವ ತಾಳ್ಮೆ ಇಲ್ಲದವರು ಗೇಣೆತ್ತರದ ಏರುಮಡಿ ಮಾಡಿದರೆ ನೀರು ಬೇಗ ಬಸಿಯುತ್ತದೆ. ಬಿತ್ತಿದ ಮೇಲೂ ಕೊಡಗಟ್ಟಲೆ ನೀರು ಹೊಯ್ಯಬೇಡಿ. ನೆಲದ ಪಸೆ ಮೊಳಕೆಗೆ ಸಾಕು.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಆಳ ಒಂದು ಅಂಗುಲ, ಬೀಜದಿಂದ ಬೀಜಕ್ಕೆ ಅರ್ಧ ಗೇಣು, ಸಾಲಿನ ನಡುವೆ ಒಂದು ಅಡಿ. ಗಿಡ್ಡ ಜಾತಿಗೆ ಚಪ್ಪರ ಬೇಡ. ಯೂರಿಯಾ ಸುರಿದರೆ ಸೊಪ್ಪು ಬರುತ್ತದೆ, ಕಾಯಿ ಬರುವುದಿಲ್ಲ. ಕುಮಟಾ, ಅಂಕೋಲಾ ಕಡೆಯವರು ಮಧ್ಯಾಹ್ನದ ಬಿಸಿಲು ತಪ್ಪುವ ಜಾಗ ಆರಿಸಿಕೊಳ್ಳಿ, ಸೆಕೆಗೆ ಹೂವು ಉದುರುತ್ತದೆ. ಸುಮಾರು 50 ದಿನಕ್ಕೆ ಮೊದಲ ಕೊಯ್ಲು. ಮುರಿದರೆ ಪಟ್ಟೆನ್ನುವಾಗಲೇ ಕೊಯ್ಯಿರಿ. ಕಾಳು ಬಲಿಯಲು ಬಿಟ್ಟರೆ ಗಿಡ ಹೊಸ ಹೂವು ಕಡಿಮೆ ಮಾಡುತ್ತದೆ.

ನಾಳೆಯ ಬಿತ್ತನೆಗೆಂದು ಯಾರಾದರೂ ಈಗಾಗಲೇ ಬೀಜ ನೆನೆಹಾಕಿದ್ದರೆ ಎಸೆದುಬಿಡಿ. ಅಂಗಡಿಯ ಬೀಜಕ್ಕೆ ಔಷಧ ಹಚ್ಚಿರುತ್ತಾರೆ, ಪಲ್ಯಕ್ಕೂ ಆಗದು. ನಮಸ್ಕಾರ.