ಸಂಜೆ ಆರಾದ್ರೆ ಅತ್ತೆ ಮನೆಗೆ ಹೊರಡ್ತಾರೆ

ಎಲ್ರಿಗೂ ನಮಸ್ಕಾರ. ನಮ್ಮತ್ತೆಗೆ ಡಿಮೆನ್ಶಿಯಾ, ಅಂದ್ರೆ ಮರೆವಿನ ಕಾಯಿಲೆ, ಅಂತ ಗೊತ್ತಾಗಿ ನಾಲ್ಕು ವರ್ಷ ಆಯ್ತು. ಸಂಜೆ ಆರಾದ್ರೆ ಸಾಕು, ಎರಡು ಸೀರೆ, ಒಂದು ಬಾಚಣಿಗೆ ಬಟ್ಟೆ ಚೀಲಕ್ಕೆ ತುರುಕ್ಕೊಂಡು ಬಾಗಿಲ ಹತ್ರ ನಿಲ್ತಾರೆ, "ಕತ್ಲಾಯ್ತು ಕಣೇ, ನಮ್ಮನೆಗೆ ಬಿಟ್ಬಿಡು, ಅಮ್ಮ ಕಾಯ್ತಿರ್ತಾಳೆ" ಅಂತ. ಮೊದಮೊದ್ಲು ನಾನು ವಾದ ಮಾಡ್ತಿದ್ದೆ, ಅತ್ತೆ ಇದೇ ನಿಮ್ಮನೆ, ನಿಮ್ಮಮ್ಮ ಹೋಗಿ ಮೂವತ್ತು ವರ್ಷ ಆಯ್ತು ಅಂತ. ಪ್ರತಿ ಸಲ ಆಗಷ್ಟೇ ಸಾವಿನ ಸುದ್ದಿ ಕೇಳಿದವ್ರ ಹಾಗೆ ಬಿಕ್ಕಿಬಿಕ್ಕಿ ಅಳೋರು. ಈಗ ನಾನೂ ಚಪ್ಪಲಿ ಹಾಕ್ಕೊಂಡು ಹೊರಡ್ತೀನಿ, ಗಣಪತಿ ಗುಡಿ ತನಕ ಹೋಗಿ ತಿರುಗಿ ಬರ್ತೀವಿ, ಗೇಟ್ ಹತ್ರ "ಮನೆ ಬಂತು ನೋಡಿ" ಅಂದ್ರೆ ಸುಮ್ನೆ ಒಳಗೆ ಬರ್ತಾರೆ.

ಇದನ್ನ ಹೇಳ್ಕೊಟ್ಟಿದ್ದು ಇಂಥ ಹಿರಿಯರನ್ನ ಹಗಲಲ್ಲಿ ನೋಡ್ಕೊಳ್ಳೋ ಡೇ ಕೇರ್ ಸೆಂಟರ್‌ನ ಸಿಸ್ಟರ್. ಮೊದ್ಲು ತೋರಿಸಿದ ಆಸ್ಪತ್ರೇಲಿ ಸ್ಕ್ಯಾನು, ಬಿ12, ಥೈರಾಯ್ಡ್ ಎಲ್ಲಾ ಮಾಡಿಸಿದ್ರು, ಅದು ಬೇಕೇ ಬೇಕು, ಬಿ12 ಕಮ್ಮಿಯಾಗಿ ಮರೆವು ಬಂದಿದ್ರೆ ಔಷಧಿಯಿಂದ ಸರಿ ಹೋಗೋದುಂಟು. ಆದ್ರೆ ಕೊನೇಲಿ ರಿಪೋರ್ಟ್ ಕೈಗಿಟ್ಟು "ಚೆನ್ನಾಗಿ ನೋಡ್ಕೊಳ್ಳಿ" ಅಂತ ಕಳಿಸಿಬಿಟ್ರು. ಹೇಗೆ ನೋಡ್ಕೋಬೇಕು ಅಂತ ಹೇಳೋರೇ ಇಲ್ಲ!

ನಮ್ಮ ದೇಶದಲ್ಲಿ ಅರವತ್ತು ದಾಟಿದ ಸುಮಾರು 88 ಲಕ್ಷ ಜನಕ್ಕೆ ಈ ಕಾಯಿಲೆ ಇದೆ ಅನ್ನೋ ಅಂದಾಜು 2023ರಲ್ಲಿ ಬಂತು. ಅವ್ರಲ್ಲಿ ಹೆಚ್ಚಿನವ್ರು ಮನೇಲೇ ಇದಾರೆ, ನೋಡ್ಕೊಳ್ಳೋರು ಹೆಂಡ್ತಿ, ಮಗಳು, ಸೊಸೆ. ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಮತ್ತೆ ಕೆಲಸಕ್ಕೆ ಹೋಗೋರು. ಅವ್ರಿಗೆ ತರಬೇತಿ, ಬಿಡುವು ಕೊಡೋದೂ ಚಿಕಿತ್ಸೆಯ ಭಾಗ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ನಿಮ್ಹಾನ್ಸ್ ಮತ್ತು ನಮ್ಮ ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಶುರು ಮಾಡಿದ್ರು, ಕೋಲಾರದಂಥ ಕಡೆ ಜಿಲ್ಲಾಸ್ಪತ್ರೇಲೇ ಮೆದುಳಿನ ಕಾಯಿಲೆ ನೋಡೋ ಬ್ರೈನ್ ಹೆಲ್ತ್ ಕ್ಲಿನಿಕ್ ಬಂತು, ನಿಮ್ಮ ಜಿಲ್ಲಾಸ್ಪತ್ರೇಲೂ ಕೇಳಿ ನೋಡಿ. ಹಿರಿಯರ ವಿಷಯಕ್ಕೆ 14567 ಸಹಾಯವಾಣಿ ಇದೆ, ಮನಸ್ಸು ಕುಸಿದಾಗ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತೆ. ಎರಡೂ ಉಚಿತ. ಆದ್ರೆ ಡೇ ಕೇರ್ ಅಂತೂ ದೊಡ್ಡ ಊರು ಬಿಟ್ರೆ ಸಿಗೋದೇ ಕಷ್ಟ, ತಾಲೂಕಿಗೊಂದಾದ್ರೂ ಬೇಕು.

ನಾನು ಅತ್ತೇನ ಡೇ ಕೇರ್‌ಗೆ ಕಳಿಸಿದಾಗ ನೆಂಟ್ರು "ಅತ್ತೇನ ಎಲ್ಲೋ ಬಿಟ್ಬಂದ್ಲು" ಅಂದ್ರು. ಹೊಟ್ಟೆ ಉರೀತು. ಅವತ್ತು ಮಧ್ಯಾಹ್ನ ನಾನು ಎರಡು ಗಂಟೆ ನಿದ್ದೆ ಮಾಡ್ದೆ, ಎಷ್ಟೋ ತಿಂಗಳಾದ್ಮೇಲೆ. ಕರ್ಕೊಂಡು ಬರೋಕೆ ಹೋದ್ರೆ ಅತ್ತೆ ಮಲ್ಲಿಗೆ ಕಟ್ತಾ ಕೂತಿದ್ರು, ನನ್ನ ಹೆಸರು ಮರೆತ ಅತ್ತೆಯ ಬೆರಳಿಗೆ ದಾರದ ಒಂದು ಗಂಟೂ ಮರೆತಿರ್ಲಿಲ್ಲ. "ಯಾರ ಮಗಳಮ್ಮ ನೀನು, ತಿರುಗು" ಅಂತ ಆ ದಂಡೆ ನನ್ನ ಜಡೆಗೇ ಮುಡಿಸಿದ್ರು.