ಮೊದಲ ಕಾರು ಕೊಳ್ಳುವ ಮೊದಲು ವಿಮೆ ಕೇಳಿ

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ಈ ವರ್ಷ ಓದು ಮುಗಿಸಿ ಕೆಲಸಕ್ಕೆ ಹೊರಡಲಿರುವ ಹುಡುಗರೇ, ಹುಡುಗಿಯರೇ,

ಜನವರಿ ಅಂದರೆ ರಸ್ತೆ ಸುರಕ್ಷತಾ ಮಾಸ. ಹೆಲ್ಮೆಟ್, ಸೀಟ್ ಬೆಲ್ಟ್ ಬಗ್ಗೆ ನಾಲ್ಕು ಮಾತಾಡಿ ಎಂದು ಕರೆದಿದ್ದರು. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ವಾಹನ ವಿಮೆಯ ಸರ್ವೇಯರ್ ಆಗಿ ದುಡಿದವನು. ಜಖಂ ಆದ ಗಾಡಿಯ ಮುಂದೆ ನಿಂತು, ಯಾವ ಭಾಗಕ್ಕೆ ಎಷ್ಟು ದುಡ್ಡು ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಎಂದು ಬರೆಯುವುದು ನನ್ನ ಕೆಲಸ. ಆ ಕಾಗದ ಓದುವಾಗ ಎಷ್ಟೋ ಅಪ್ಪಂದಿರ ಮುಖ ನೋಡಿದ್ದೇನೆ. ಅದಕ್ಕೇ ಈ ವಿಷಯವನ್ನು ನಾನೇ ಕೇಳಿ ತೆಗೆದುಕೊಂಡೆ.

ನಿಮ್ಮಲ್ಲಿ ಅನೇಕರಿಗೆ ಕ್ಯಾಂಪಸ್ಸಿನಲ್ಲೇ ಕೆಲಸ ಸಿಕ್ಕಿದೆ ಎಂದು ಪ್ರಾಂಶುಪಾಲರು ಹೇಳಿದರು. ತುಂಬಾ ಸಂತೋಷ. ಇನ್ನೊಂದು ವರ್ಷದಲ್ಲಿ ಕಾರು ಕೊಳ್ಳುವ ಯೋಚನೆ ಬರುತ್ತದೆ. ಮೈಲೇಜ್ ಕೇಳುತ್ತೀರಿ, ಸನ್‌ರೂಫ್ ಕೇಳುತ್ತೀರಿ, ಇಎಂಐ ಕೇಳುತ್ತೀರಿ. ವಿಮೆಯನ್ನು ಮಾತ್ರ ಎಲ್ಲ ಮುಗಿದ ಮೇಲೆ, ಬಿಲ್ಲಿನ ಕೊನೇ ಸಾಲಿನಲ್ಲಿ ನೋಡುತ್ತೀರಿ. ಕಾರು ಆರಿಸಿದ ದಿನವೇ ನೀವು ವಿಮೆಯನ್ನೂ ಆರಿಸಿ ಆಗಿರುತ್ತದೆ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಮಕ್ಕಳಿಗೆ 17 ತುಂಬಿದರೆ ಈ ಮಾತು ಮೊದಲೇ ಶುರುವಾಗುತ್ತದೆ. ಅಲ್ಲಿ ವಿಮೆ ಕಂಪನಿ ಮೊದಲು ಕೇಳುವುದೇ ವಯಸ್ಸು. ಕಾರುಗಳನ್ನು ವಿಮೆಯ ಖರ್ಚು ಕಡಿಮೆಯದು 1, ಹೆಚ್ಚಿನದು 50 ಎಂದು ಗುಂಪು ಮಾಡುತ್ತಾ ಬಂದಿದ್ದಾರೆ. ಒಂದನೇ ಗುಂಪಿನ ಸಣ್ಣ ಕಾರಿಗೇ ಹೊಸ ಹುಡುಗನ ಪ್ರೀಮಿಯಂ ಕೆಲವು ಸಲ ಆ ಹಳೇ ಕಾರಿನ ಬೆಲೆಯನ್ನೇ ದಾಟುತ್ತದೆ. ಕಡಿಮೆ ಮಾಡಬೇಕಾದರೆ ಕಾರಿನಲ್ಲಿ ಕಪ್ಪು ಪೆಟ್ಟಿಗೆ ಕೂರಿಸಿ, ಹೇಗೆ ಬ್ರೇಕ್ ಹಾಕುತ್ತಾನೆ, ರಾತ್ರಿ ಎಷ್ಟು ಹೊತ್ತಿಗೆ ಓಡಿಸುತ್ತಾನೆ ಎಂದು ನೋಡುತ್ತಾರೆ. ಓಡಿಸುವವನು ಮಗನಾಗಿದ್ದು, ಮುಖ್ಯ ಚಾಲಕ ಅಪ್ಪ ಎಂದು ಬರೆಸಿದರೆ ಅದನ್ನು ವಂಚನೆ ಎಂದೇ ಪರಿಗಣಿಸುತ್ತಾರೆ. ಹಾಗಾಗಿ ಅಲ್ಲಿ 18ರ ಹುಡುಗನಿಗೆ ದೊಡ್ಡ ಎಂಜಿನ್ನಿನ ಕಾರು ಬೇಡ ಎಂದು ಅಮ್ಮ ಹೇಳಬೇಕಾಗಿಲ್ಲ. ಪ್ರೀಮಿಯಂ ಹೇಳುತ್ತದೆ.

ನಮ್ಮಲ್ಲಿ? ಥರ್ಡ್ ಪಾರ್ಟಿ ವಿಮೆ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಯನ್ನು ತುಂಬಿಕೊಡುವ ಕಡ್ಡಾಯ ವಿಮೆ, ಅದರ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. ಅದು ನಿಮ್ಮ ವಯಸ್ಸು ಕೇಳುವುದಿಲ್ಲ. ಲೈಸೆನ್ಸ್ ನಿನ್ನೆ ಬಂತಾ, ಮೂವತ್ತು ವರ್ಷದ ಹಿಂದೆ ಬಂತಾ ಎಂದೂ ಕೇಳುವುದಿಲ್ಲ. ಎಂಜಿನ್ ಎಷ್ಟು ಸಿಸಿ ಎಂದು ಮಾತ್ರ ಕೇಳುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರ ಹೇಳುತ್ತೇನೆ, ಬರೆದುಕೊಳ್ಳಿ. 1000 ಸಿಸಿವರೆಗೆ ವರ್ಷಕ್ಕೆ 2,094 ರೂಪಾಯಿ. 1000ದಿಂದ 1500 ಸಿಸಿಗೆ 3,416. 1500 ದಾಟಿದರೆ ಒಂದೇ ನೆಗೆತಕ್ಕೆ 7,897. ಹೊಸ ಕಾರಾದರೆ ಮೂರು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ಸುಪ್ರೀಂ ಕೋರ್ಟಿನ ನಿರ್ದೇಶನದ ಮೇಲೆ 2018ರ ಸೆಪ್ಟೆಂಬರಿನಿಂದ ಹೀಗಿದೆ. ಸಣ್ಣ ಎಂಜಿನ್ನಿಗೆ 6,521, ಮಧ್ಯದ್ದಕ್ಕೆ 10,640, ದೊಡ್ಡದಕ್ಕೆ 24,596. ಇದರ ಮೇಲೆ ಜಿಎಸ್‌ಟಿ ಬೇರೆ. ಎಲೆಕ್ಟ್ರಿಕ್ ಕಾರಿಗೆ ಥರ್ಡ್ ಪಾರ್ಟಿಯಲ್ಲಿ 15% ರಿಯಾಯಿತಿ ಇದೆ. ಅಲ್ಲಿ ಸಿಸಿ ಬದಲು ಕಿಲೋವ್ಯಾಟ್ ಲೆಕ್ಕ.

ಈಗ ಕಾರು ನೋಡಿ. ಆಲ್ಟೊ ಕೆ10 998 ಸಿಸಿ. ವ್ಯಾಗನ್ ಆರ್ ಎರಡು ಎಂಜಿನ್ನಿನಲ್ಲಿ ಬರುತ್ತದೆ. 998 ಸಿಸಿಯದು ಮೊದಲ ಮೆಟ್ಟಿಲು, 1197 ಸಿಸಿಯದು ಎರಡನೆಯದು. ಥಾರ್‌ನಲ್ಲಿ 1497 ಸಿಸಿ ಡೀಸೆಲ್ ಕೊಂಡರೆ 3,416, 2184 ಸಿಸಿ ಡೀಸೆಲ್ ಕೊಂಡರೆ 7,897. ಅದೇ ಹೆಸರು, ಅದೇ ಮುಖ! ಇನ್ನೊಂದು ವಿಚಿತ್ರ ಇದೆ. ಫ್ರಾಂಕ್ಸ್ ಟರ್ಬೊ ಕೂಡ 998 ಸಿಸಿಯೇ. ಆಲ್ಟೊಗಿಂತ ಬಹಳ ಜೋರಾಗಿ ಓಡುತ್ತದೆ, ಆದರೂ ಥರ್ಡ್ ಪಾರ್ಟಿ ದರ ಒಂದೇ. ಸಿಸಿ ಎನ್ನುವುದು ಶಕ್ತಿಯ ಅಳತೆಯೂ ಅಲ್ಲ, ಓಡಿಸುವವನ ಬುದ್ಧಿಯ ಅಳತೆಯೂ ಅಲ್ಲ. ನಮ್ಮ ವಿಮೆ ವಯಸ್ಸು ಕೇಳುವುದಿಲ್ಲವಾದ್ದರಿಂದ ಆ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಬೇಕು. ನಾನು ಓಡಿಸಲು ಕಲಿತು ಎಷ್ಟು ದಿನ ಆಯಿತು? ಈ ಗಾಡಿ ನನ್ನ ಕೈಯಲ್ಲಿ ನಿಲ್ಲುತ್ತದಾ?

ಒಂದು ಘಟನೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ.

ಹಾವೇರಿ ಕಡೆಯ ಒಬ್ಬ ಹುಡುಗ. ಬೆಂಗಳೂರಿನಲ್ಲಿ ಮೊದಲ ಕೆಲಸ. ಕೈಯಲ್ಲಿ ಆರು ಲಕ್ಷದ ಲೆಕ್ಕ, ಅದರಲ್ಲಿ ಮುಕ್ಕಾಲು ಪಾಲು ಸಾಲ. ಆ ದುಡ್ಡಿಗೆ ಮೂರು ವರ್ಷ ಹಳೆಯ ಒಳ್ಳೇ ಸಣ್ಣ ಕಾರು ಸಿಗುತ್ತಿತ್ತು. ಎಂಟು ವರ್ಷ ಹಳೆಯ ದೊಡ್ಡ ಡೀಸೆಲ್ ಎಸ್‌ಯುವಿಯೂ ಸಿಗುತ್ತಿತ್ತು. ಯಾವುದು ತಗೊಂಡಿರುತ್ತಾನೆ ಎಂದು ನಿಮಗೇ ಗೊತ್ತು, ನೋಡಿ, ಆಗಲೇ ನಗುತ್ತಿದ್ದೀರಿ. ಊರಿಗೆ ಹೋದರೆ ಓಣಿಯಲ್ಲಿ ನಾಲ್ಕು ಜನ ನೋಡಬೇಕಲ್ಲ. ಅದು ತಪ್ಪು ಆಸೆ ಎಂದು ನಾನು ಹೇಳುವುದಿಲ್ಲ. ಆ ಮನೆಗೆ ಅದು ಮೊದಲ ಕಾರು. ಅವನ ಅಮ್ಮ ಅದಕ್ಕೆ ಆರತಿ ಎತ್ತಿದ್ದಾರೆ. ಕನ್ನಡಿಗೆ ಕಟ್ಟಿದ ಲಿಂಬೆಹಣ್ಣು, ಮೆಣಸಿನಕಾಯಿ ನಾನು ನೋಡಲು ಹೋದಾಗಲೂ ಹಾಗೇ ಇತ್ತು.

ಯುಗಾದಿಗೆ ಊರಿಗೆ ಹೊರಟಿದ್ದಾನೆ. ಆಫೀಸು ಮುಗಿಸಿ ಬಿಟ್ಟಾಗಲೇ ತಡ. ಶಿರಾ ದಾಟಿದ ಮೇಲೆ ಮುಂದೆ ಒಂದು ಟ್ರ್ಯಾಕ್ಟರ್. ಹಿಂದಿನ ಟ್ರೇಲರಿಗೆ ದೀಪವೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ಎರಡು ಟನ್ ತೂಕದ ಗಾಡಿ, ಸವೆದ ಟೈರು, ದೊಡ್ಡ ಗಾಡಿಯ ಅಭ್ಯಾಸ ಇಲ್ಲದ ಕಾಲು. ಬ್ರೇಕ್ ಹಾಕಿದ, ನಿಲ್ಲಲಿಲ್ಲ. ಪುಣ್ಯಕ್ಕೆ ಹುಡುಗನಿಗೆ ಕೈ ಮುರಿದದ್ದು ಬಿಟ್ಟರೆ ಏನೂ ಆಗಲಿಲ್ಲ. ಟ್ರೇಲರಿನ ಮೇಲೆ ಕೂತಿದ್ದವನ ಕಾಲಿಗೆ ಪೆಟ್ಟಾಯಿತು. ಗಾಡಿಯ ಮೂತಿ ಪೂರಾ ಹೋಯಿತು. ರೇಡಿಯೇಟರ್, ಬಾನೆಟ್, ಛಾಸಿಯ ಮುಂಭಾಗ. ಗ್ಯಾರೇಜಿನವರ ಅಂದಾಜು ನಾಲ್ಕು ಲಕ್ಷದ ಮೇಲೆ.

ನಾನು ಹೋದಾಗ ಅವನ ಅಪ್ಪ ಬಂದಿದ್ದರು. ಮೆಕ್ಕೆಜೋಳ ಬೆಳೆಯುವ ರೈತ. ಪಾಲಿಸಿ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದರು. ಪಾಲಿಸಿ ಚಾಲ್ತಿಯಲ್ಲಿತ್ತು. ಫುಲ್ ಇನ್ಶೂರೆನ್ಸ್, ಅಂದರೆ ಥರ್ಡ್ ಪಾರ್ಟಿ ಜೊತೆ ಸ್ವಂತ ಗಾಡಿಯ ಜಖಂಗೂ ರಕ್ಷಣೆ. ಆದರೆ ಹೆಸರು ಹಳೇ ಮಾಲೀಕನದು. ಆರ್‌ಸಿ, ಅಂದರೆ ಗಾಡಿಯ ನೋಂದಣಿ ಪತ್ರ, ಮಗನ ಹೆಸರಿಗೆ ಬಂದು ತಿಂಗಳುಗಳೇ ಆಗಿದ್ದವು. ಪಾಲಿಸಿಯನ್ನು ಯಾರೂ ವರ್ಗಾಯಿಸಿರಲಿಲ್ಲ. ಗಾಡಿ ಮಾರಿದ ದಲ್ಲಾಳಿ, ಇನ್ನೂ ಅವಧಿ ಇದೆಯಲ್ಲ, ಮುಗಿದಾಗ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಎಂದಿದ್ದನಂತೆ. ಅಪ್ಪ ನನ್ನನ್ನು ಕೇಳಿದರು: "ರೊಕ್ಕ ಕಟ್ಟೇತಲ್ರೀ ಸಾಹೇಬ್ರ, ಮತ್ತ್ಯಾಕ ಬರಂಗಿಲ್ಲ?"

ನ್ಯಾಯವಾದ ಪ್ರಶ್ನೆ. ಉತ್ತರ ಕಾನೂನಿನಲ್ಲಿದೆ. ಮೋಟಾರು ವಾಹನ ಕಾಯ್ದೆಯ 157ನೇ ಕಲಮಿನ ಪ್ರಕಾರ ಗಾಡಿ ಕೈ ಬದಲಾದರೆ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಹೊಸಬನಿಗೆ ಬರುತ್ತದೆ. ಹಾಗಾಗಿ ಟ್ರೇಲರಿನಲ್ಲಿದ್ದವನಿಗೆ ಪರಿಹಾರದ ದಾರಿ ತೆರೆದಿತ್ತು. ನಿಮ್ಮ ಸ್ವಂತ ಗಾಡಿಯ ಜಖಂ ಇದೆಯಲ್ಲ, ಅದು ತಾನಾಗಿ ಬರುವುದಿಲ್ಲ. 14 ದಿನದ ಒಳಗೆ ವಿಮೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ವಿಮೆ ದುಡ್ಡು ಕೇಳದೆ ವರ್ಷ ಕಳೆದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ನೋ ಕ್ಲೇಮ್ ಬೋನಸ್. ಹಳೇ ಮಾಲೀಕನ ಆ ಬೋನಸ್ಸೂ ನಿಮಗೆ ಬರುವುದಿಲ್ಲ. ಅದು ಗಾಡಿಯದಲ್ಲ, ಮನುಷ್ಯನದು. ಆ ವ್ಯತ್ಯಾಸ ತುಂಬಿಕೊಡಬೇಕು. ಒಂದು ಅರ್ಜಿ, ಸ್ವಲ್ಪ ದುಡ್ಡು. ಅಷ್ಟು ಮಾಡದಿದ್ದದ್ದಕ್ಕೆ ಆ ಗಾಡಿ ಗ್ಯಾರೇಜಿನ ಹಿತ್ತಲಿನಲ್ಲಿ ಮಳೆಗಾಲ ಕಳೆಯಿತು. ಇಎಂಐ ಮಾತ್ರ ತಪ್ಪದೆ ನಡೆಯುತ್ತಿತ್ತು.

ಹೆಸರು ಸರಿಯಿದ್ದರೂ ಅವನಿಗೆ ಪೂರ್ತಿ ದುಡ್ಡು ಬರುತ್ತಿರಲಿಲ್ಲ. ಯಾಕೆ ಗೊತ್ತಾ? ಪ್ಲಾಸ್ಟಿಕ್ಕು, ರಬ್ಬರಿನ ಭಾಗಗಳಿಗೆ ಅರ್ಧ ಬೆಲೆ ಮುರಿಯುತ್ತಾರೆ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿನ ಮೇಲೆ ಮುರಿಯುತ್ತಾರೆ. ಹೀಗೆ ಮುರಿಯಬಾರದು ಎಂದರೆ ಜೀರೋ ಡೆಪ್ ಎಂಬ ಹೆಚ್ಚುವರಿ ರಕ್ಷಣೆ ಬೇಕು. ಗಾಡಿಗೆ ಐದು ವರ್ಷ ದಾಟಿದರೆ ಅದು ಸಿಗುವುದು ಕಷ್ಟವಾಗುತ್ತಾ ಹೋಗುತ್ತದೆ. ಹೊಸದಾಗಿ ಓಡಿಸುವವರು ಮೊದಲು ಉಜ್ಜುವುದೇ ಬಂಪರನ್ನು. ಬಂಪರ್ ಅಂದರೆ ಪ್ಲಾಸ್ಟಿಕ್. ಅಂದರೆ ಜೀರೋ ಡೆಪ್ ಅತಿ ಹೆಚ್ಚು ಬೇಕಾದ ಹುಡುಗನೇ ಅದು ಸಿಗದ ಗಾಡಿ ಕೊಂಡಿದ್ದ. ಕಾರು ಆರಿಸಿದ ದಿನವೇ ವಿಮೆಯನ್ನೂ ಆರಿಸಿದ್ದ.

ಇನ್ನು ಥರ್ಡ್ ಪಾರ್ಟಿಗೆ ಬರುತ್ತೇನೆ. ಇದನ್ನು ಪೊಲೀಸರಿಗೆ ತೋರಿಸುವ ಕಾಗದ ಎಂದು ತಿಳಿದವರೇ ಜಾಸ್ತಿ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲೂ ಆಗಬಹುದು. ಅದು ಸಣ್ಣ ಮಾತು. ದೊಡ್ಡ ಮಾತು ಇದು. ನಿಮ್ಮ ಕಾರು ಬಡಿದು 28 ವರ್ಷದ ಒಬ್ಬ ಬಡಗಿ ತೀರಿಕೊಂಡರು ಅಂತ ಇಟ್ಟುಕೊಳ್ಳಿ. ತಿಂಗಳಿಗೆ 20,000 ದುಡಿಯುತ್ತಿದ್ದರು. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. 2009ರ ಸರಳಾ ವರ್ಮ, 2017ರ ಪ್ರಣಯ್ ಸೇಥಿ ಪ್ರಕರಣಗಳಲ್ಲಿ ಇಂಥ ಸಾವಿಗೆ ಮನೆಯವರಿಗೆ ಕೊಡಬೇಕಾದ ಪರಿಹಾರದ ಲೆಕ್ಕವನ್ನು ಸುಪ್ರೀಂ ಕೋರ್ಟು ಹಾಕಿಕೊಟ್ಟಿದೆ. ವರ್ಷಕ್ಕೆ 2,40,000. ಮುಂದೆ ದುಡಿಮೆ ಹೆಚ್ಚುತ್ತಿತ್ತು ಎಂದು 40% ಸೇರಿಸಿದರೆ 3,36,000. ಅವರ ಸ್ವಂತ ಖರ್ಚು ಎಂದು ಕಾಲು ಭಾಗ ಕಳೆದರೆ 2,52,000. ಆ ವಯಸ್ಸಿಗೆ 17ರಿಂದ ಗುಣಿಸಬೇಕು. 42,84,000 ರೂಪಾಯಿ. ಇದರ ಮೇಲೆ ಅಂತ್ಯಕ್ರಿಯೆಯ ಖರ್ಚು ಇತ್ಯಾದಿ ಬೇರೆ.

ಪಾಲಿಸಿ ಸರಿಯಾಗಿದ್ದರೆ ಇದನ್ನು ವಿಮೆ ಕಂಪನಿ ಕೊಡುತ್ತದೆ. ಸಾವು, ಗಾಯದ ಪರಿಹಾರಕ್ಕೆ ಮಿತಿಯೇ ಇಲ್ಲ. ಪಾಲಿಸಿ ಇಲ್ಲದಿದ್ದರೆ ಗಾಡಿಯ ಮಾಲೀಕ ಕೊಡಬೇಕು. ಗಾಡಿ ಅಪ್ಪನ ಹೆಸರಿನಲ್ಲಿದ್ದರೆ ಅಪ್ಪನ ಹೊಲ, ಅಪ್ಪನ ಮನೆ. ಆ ಬಡಗಿಯ ಹೆಂಡತಿಯ ಕಡೆಯಿಂದಲೂ ಯೋಚಿಸಿ. ದುಡ್ಡಿಲ್ಲದವನ ವಿರುದ್ಧ ತೀರ್ಪು ಪಡೆದು ಆಕೆ ಏನು ಮಾಡಬೇಕು? 2,094 ರೂಪಾಯಿ ಕಟ್ಟುವುದು ನಿಮಗಾಗಿ ಅಲ್ಲ, ರಸ್ತೆಯಲ್ಲಿ ಎದುರಾಗುವ ಅವರಿಗಾಗಿ.

ಥರ್ಡ್ ಪಾರ್ಟಿ ಒಂದೇ ಸಾಕು ಎನ್ನುವವರಿಗೆ ಇನ್ನೊಂದು ಪ್ರಶ್ನೆ. ಶನಿವಾರ ಬಂದರೆ ನಾಲ್ಕು ಜನ ಗೆಳೆಯರನ್ನು ಕೂರಿಸಿಕೊಂಡು ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೊರಡುತ್ತೀರಿ ಅಲ್ವಾ? ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ನಿಮ್ಮ ಕಾರಿನೊಳಗೆ ಕೂತ ಗೆಳೆಯರು ಥರ್ಡ್ ಪಾರ್ಟಿ ಅಲ್ಲ. ಅವರಿಗೆ ಏನಾದರೂ ಆದರೆ ಆ ಪಾಲಿಸಿ ಕೊಡಬೇಕಾಗಿಲ್ಲ. ಕಾರಿನಲ್ಲಿ ಕೂತವರ ಹೊಣೆ ಬರುವುದು ಫುಲ್ ಇನ್ಶೂರೆನ್ಸಿನಲ್ಲಿ. ಕೋರ್ಟುಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಹಾಗೆಯೇ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಇದೆಯಲ್ಲ, ಅದು ಲೈಸೆನ್ಸ್ ಇರುವ ಮಾಲೀಕನಿಗೆ ಮಾತ್ರ. ಅಪ್ಪನ ಕಾರನ್ನು ನೀವು ಓಡಿಸುತ್ತಿದ್ದರೆ ಅದು ನಿಮಗೆ ಸಿಗುವುದಿಲ್ಲ. ನಿಮಗೆ ಬೇರೆ ಮಾಡಿಸಬೇಕು.

ಹಾಗಾದರೆ ಯಾವ ಕಾರು ತಗೊಳ್ಳಲಿ ಸಾರ್ ಎಂದು ಮುಂದಿನ ಸಾಲಿನ ಹುಡುಗಿ ಆಗಲೇ ಕೈ ಎತ್ತಿದ್ದಾಳೆ. ನನ್ನ ಅಭಿಪ್ರಾಯ ಇದು. ಮೊದಲ ಕಾರು ಸಣ್ಣದಿರಲಿ, ಪೆಟ್ರೋಲ್ ಇರಲಿ, 1200 ಸಿಸಿ ದಾಟುವುದು ಬೇಡ. ಹಳೆಯದು ಕೊಳ್ಳುವುದಾದರೆ 2022 ಮತ್ತು ಆಮೇಲೆ ತಯಾರಾದದ್ದು ನೋಡಿ. ಮುಂದಿನ ಎರಡೂ ಸೀಟಿಗೆ ಏರ್‌ಬ್ಯಾಗ್ ಎಲ್ಲ ಕಾರಿಗೂ ಕಡ್ಡಾಯವಾದದ್ದು ಆ ಹೊತ್ತಿಗೆ. ಭಾರತ್ ಎನ್‌ಕ್ಯಾಪ್ 2023ರಿಂದ ನಮ್ಮಲ್ಲೇ ಕಾರುಗಳನ್ನು ಗುದ್ದಿಸಿ ನೋಡಿ ಸ್ಟಾರ್ ಕೊಡುತ್ತಿದೆ, ಅದನ್ನೂ ನೋಡಿ. ಸನ್‌ರೂಫ್ ಬಿಟ್ಟರೂ ನಡೆಯುತ್ತದೆ, ಸ್ಟಾರ್ ಬಿಡಬೇಡಿ. ಬುಕ್ ಮಾಡುವ ಮೊದಲು ನೀವು ನೋಡಿದ ಎರಡು ಮೂರು ಕಾರಿಗೂ ವಿಮೆಯ ದರ ತರಿಸಿ, ಪಕ್ಕಪಕ್ಕ ಇಟ್ಟು ನೋಡಿ. ಶೋರೂಮಿನವರು ಕೊಟ್ಟ ವಿಮೆಯನ್ನೇ ತಗೊಳ್ಳಬೇಕು ಎಂಬ ಕಾನೂನು ಎಲ್ಲೂ ಇಲ್ಲ.

ಸಮಯ ಆಯಿತು ಎಂದು ಚೀಟಿ ಬಂದಿದೆ. ಬೇಗ ಬೇಗ ಹೇಳುತ್ತೇನೆ. ಪ್ರೀಮಿಯಂ ಇಳಿಸಲು ಐಡಿವಿ, ಅಂದರೆ ಪಾಲಿಸಿಯಲ್ಲಿ ಬರೆಸುವ ಕಾರಿನ ಬೆಲೆ, ಕಡಿಮೆ ಬರೆಸಬೇಡಿ. ಕಾರು ಕಳವಾದರೆ ಸಿಗುವುದು ಅಷ್ಟೇ ಮೊತ್ತ. ನೋ ಕ್ಲೇಮ್ ಬೋನಸ್ ಮೊದಲ ವರ್ಷಕ್ಕೆ 20%ರಿಂದ ಶುರುವಾಗಿ ಐದು ವರ್ಷಕ್ಕೆ 50% ಆಗುತ್ತದೆ. ಆದ್ದರಿಂದ ಸಣ್ಣ ಗೀರಿಗೆಲ್ಲ ಕ್ಲೇಮ್ ಮಾಡಬೇಡಿ, ಲೆಕ್ಕ ಹಾಕಿ. ಪಾಲಿಸಿ ಮುಗಿದು 90 ದಿನ ದಾಟಿದರೆ ಆ ಬೋನಸ್ ಹೋಯಿತು. ಹಿಂದಿನ ವರ್ಷ ಕ್ಲೇಮ್ ಮಾಡಿ ಈ ವರ್ಷ ಆನ್‌ಲೈನಿನಲ್ಲಿ ಮಾಡಿಲ್ಲ ಎಂದು ಒತ್ತಬೇಡಿ. ಕಡಿಮೆ ಓಡಿಸುವವರಿಗೆ ಓಡಿಸಿದಷ್ಟೇ ಕಟ್ಟುವ ಪಾಲಿಸಿಗಳು 2022ರಿಂದ ಬಂದಿವೆ, ಕೇಳಿ ನೋಡಿ. ಸ್ವಂತ ಕಾರನ್ನು ಗೆಳೆಯರಿಗೆ ಬಾಡಿಗೆಗೆ ಕೊಡಬೇಡಿ, ಬಾಡಿಗೆಗೆ ಹೋದಾಗ ಆದ ಜಖಂಗೆ ದುಡ್ಡು ಬರುವುದಿಲ್ಲ. ಬೆಂಗಳೂರಿಗೆ ಹೋಗುವವರು 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿದ್ದನ್ನು ನೆನಪಿಟ್ಟುಕೊಂಡು, ನೀರು ನುಗ್ಗಿ ಎಂಜಿನ್ ಕೆಟ್ಟರೆ ದುಡ್ಡು ಕೊಡುವ ಎಂಜಿನ್ ರಕ್ಷಣೆ ಸೇರಿಸಿಕೊಳ್ಳಿ. ನೀರಿನಲ್ಲಿ ನಿಂತ ಕಾರನ್ನು ಸ್ಟಾರ್ಟ್ ಮಾಡಬೇಡಿ, ಟೋ ಮಾಡಿಸಿ.

ತಮ್ಮ ತಂಗಿಯರಿಗೆ 18 ಆಗುವವರೆಗೆ ಕೀಲಿ ಕೊಡಬೇಡಿ. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಲ್ಲಿ ಪೋಷಕರಿಗೆ, ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ ಇದೆ.

ಮನೆಯ ಬೈಕಿನದೋ ಕಾರಿನದೋ ಪಾಲಿಸಿ ನಿಮ್ಮ ಫೋನಿನಲ್ಲಿ ಇರುವವರು ಈಗ ಇಲ್ಲಿಗೇ ಬನ್ನಿ. ಹೆಸರು, ಸಿಸಿ, ಮುಗಿಯುವ ದಿನ, ಈ ಮೂರನ್ನು ಆರ್‌ಸಿ ಜೊತೆ ಹೋಲಿಸಿ ನೋಡೋಣ. ಆರ್‌ಸಿ ಕೈಯಲ್ಲಿ ಇಲ್ಲದವರು ಮನೆಗೆ ಫೋನ್ ಮಾಡಿ ಫೋಟೋ ತರಿಸಿಕೊಳ್ಳಿ, ಅಷ್ಟು ಹೊತ್ತು ನಾನು ಇಲ್ಲೇ ಇರುತ್ತೇನೆ.