ಅಳಿವೆಯ ಕಲ್ಲುಮೀನು

ಕೇಳುಗರಿಗೆ ನಮಸ್ಕಾರ.

ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ಜಾಗವನ್ನು ನಮ್ಮ ಕರಾವಳಿಯಲ್ಲಿ ಅಳಿವೆ ಎನ್ನುತ್ತೇವೆ. ಉಬ್ಬರ ಇಳಿತಗಳಿಂದ ಸದಾ ಕದಡುವ ಅಂಥ ನೀರಿನ ತಳದಲ್ಲಿ, ಕೆಸರು ಮೆತ್ತಿದ ಕಲ್ಲುಗಳ ನಡುವೆ, ತಾನೂ ಒಂದು ಕಲ್ಲಾಗಿ ಬಿದ್ದುಕೊಂಡು ಬೇಟೆಗೆ ಕಾಯುವ ಮೀನೊಂದರ ಬಗ್ಗೆ ಇಂದು ಹೇಳಬೇಕೆಂದಿದ್ದೇನೆ. ಭಾರತದ ಕಡಲಂಚಿನಿಂದ ಚೀನಾ, ಫಿಲಿಪ್ಪೀನ್ಸ್ ಹಾಗೂ ಉತ್ತರ ಆಸ್ಟ್ರೇಲಿಯಾದವರೆಗೆ ಹರಡಿರುವ ಈ ಕಲ್ಲುಮೀನಿಗೆ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್ 1766ರಲ್ಲಿ 'ಹಾರಿಡಾ', ಅಂದರೆ ಭೀಕರ, ಎಂಬ ಹೆಸರಿಟ್ಟನು.

ಹತ್ತಿರದಿಂದ ನೋಡಿದರೂ ಇದು ಮೀನೆಂದು ಒಪ್ಪಲು ಮನಸ್ಸು ಹಿಂಜರಿಯುತ್ತದೆ. ಮೈಮೇಲೆ ಹುರುಪೆಯಿಲ್ಲ, ಬರಿಯ ಗಂಟುಗಳು. ಆ ಗಂಟುಗಳಿಗೆ ಪಾಚಿಯೂ ಮಣ್ಣೂ ಅಂಟಿಕೊಂಡಿರುತ್ತವೆ. ಎರಡು ಗುಬುಟುಗಳ ಮೇಲೆ ಪುಟ್ಟ ಕಣ್ಣುಗಳು, ನಡುವೆ ಆಳವಾದ ಗುಳಿ, ಆಕಾಶಕ್ಕೆ ತೆರೆಯುವ ಬಾಯಿ. ಎದೆಯ ಅಗಲವಾದ ಈಜುರೆಕ್ಕೆಗಳಿಂದ ಮರಳನ್ನು ಪಕ್ಕಕ್ಕೆ ತಳ್ಳಿ, ತನ್ನ ಮೈಯಳತೆಯ ತಗ್ಗು ಮಾಡಿಕೊಂಡು ಕುಳಿತಿತೆಂದರೆ ಗಂಟೆಗಟ್ಟಲೆ ಅಲುಗುವುದಿಲ್ಲ. ಸಿಗಡಿಯೋ ಮರಿಮೀನೋ ಬಾಯಿಯ ಮುಂದೆ ಸುಳಿದಾಗ ಮಾತ್ರ ಬಾಯಿ ಫಕ್ಕನೆ ತೆರೆಯುತ್ತದೆ. ನೀರಿನೊಡನೆ ಬೇಟೆಯೂ ಒಳಗೆ ಸೆಳೆದುಹೋಗುತ್ತದೆ. ಇದೆಲ್ಲ ನಡೆಯುವುದು ಕಣ್ಣೆವೆ ಮುಚ್ಚುವುದಕ್ಕಿಂತ ಬೇಗ.

ನನ್ನನ್ನು ಬೆರಗುಗೊಳಿಸಿದ ಸಂಗತಿ ಬೇರೆ. ಈ ಮೀನು ಕುಖ್ಯಾತವಾಗಿರುವುದು ವಿಷಕ್ಕೆ, ಆದರೆ ಬೇಟೆಯಲ್ಲಿ ಆ ವಿಷದ ಒಂದು ಹನಿಯೂ ವ್ಯಯವಾಗುವುದಿಲ್ಲ. ಬೆನ್ನಿನ 13 ಮುಳ್ಳುಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ವಿಷಗ್ರಂಥಿಗಳಿದ್ದು, ಮೇಲಿನಿಂದ ಭಾರ ಬಿದ್ದಾಗ ಮಾತ್ರ ವಿಷವು ಮುಳ್ಳಿನ ಕಾಲುವೆಯ ಮೂಲಕ ಮೇಲಕ್ಕೆ ಚಿಮ್ಮುತ್ತದೆ. ಅದು ಕೇವಲ ಆತ್ಮರಕ್ಷಣೆಯ ಏರ್ಪಾಡು. ಬರಿಗಾಲಿನಲ್ಲಿ ನೀರಿಗಿಳಿದವರು ತಿಳಿಯದೆ ತುಳಿದಾಗಲೇ ಅನಾಹುತ; ಆ ನೋವು ಸಹಿಸಲಸಾಧ್ಯ. ಆಸ್ಟ್ರೇಲಿಯಾದಲ್ಲಿ ಸಾಲ್ ವೀನರ್ ನಡೆಸಿದ ಸಂಶೋಧನೆಯಿಂದ 1959ರಲ್ಲಿ ಇದಕ್ಕೆ ಪ್ರತಿವಿಷ ದೊರೆಯಿತು. ಅದನ್ನು ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಆಸ್ಪತ್ರೆ ತಲುಪುವವರೆಗೆ, ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಗಾಯಗೊಂಡ ಕಾಲನ್ನು ಇಳಿಬಿಡಬೇಕು. ಬಿಗಿಯಾಗಿ ಪಟ್ಟಿ ಕಟ್ಟಬಾರದು.

ಬಿಸಿನೀರೇ ಏಕೆಂದರೆ, ಈ ವಿಷ ಒಂದು ಪ್ರೋಟೀನು. ಶಾಖಕ್ಕೆ ಅದು ಕೆಡುತ್ತದೆ. ಹಾಂಕಾಂಗ್‌ನಲ್ಲಿ ಮುಳ್ಳುಗಳನ್ನು ಜಾಗ್ರತೆಯಿಂದ ಕತ್ತರಿಸಿ ತೆಗೆದು, ಇದೇ ಮೀನನ್ನು ಬೇಯಿಸಿ ಊಟಕ್ಕೆ ಬಡಿಸುತ್ತಾರೆ.